ಮೂಲಂಗಿಯವರು

ಈ ಬೀದಿಯಲ್ಲಿ ಮೂವತ್ತೊಂದು ಮನೆ.
ಇಪ್ಪತ್ತೆರಡು ರಾಬನೊ,
ಉಳಿದವರೂ 'ರ'ದವರೇ: ರೆದೊಂದೊ, ರಿಂಕೊನ್, ರೊಸಾಲ್.
ಸೇತುವೆ ದಾಟಿದರೆ 'ಸ' ಶುರು,
ಬೆಟ್ಟದ ಆ ಮಗ್ಗುಲಿಗೆ 'ಬ'.
ನಮ್ಮಲ್ಲಿ ಹೆಣ್ಣು ಕೊಡುವುದೆಂದರೆ
ಒಂದಕ್ಷರದಿಂದ ಇನ್ನೊಂದಕ್ಷರಕ್ಕೆ ಕಳಿಸಿಕೊಡುವುದು.

ನಾನು ಜನಗಣತಿಯವಳು.
ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬ್ಲೆಟ್ಟು,
ಚೀಲದಲ್ಲಿ ಬಾಗಿಲಿಗಂಟಿಸುವ ನಂಬರಿನ ಸುರುಳಿ.
ಮಾಯೋನ್ ಬೆಟ್ಟ ಇವತ್ತು ಮುಸುಕು ಹೊದ್ದು ಮಲಗಿದೆ.
ಅದನ್ನು ಎಣಿಸೆಂದು ಯಾರೂ ಹೇಳಿಲ್ಲ.

ಮೊದಲ ಮನೆ ಎವರಿಸ್ತೊ ರಾಬನೊ,
ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತ.
ಗೋಡೆಯ ಮೇಲೆ ಗಾಜು ಹಾಕಿಸಿದ ವಂಶಲಾಂಛನ,
ಎರಡು ಸಿಂಹ, ನಡುವೆ ಕೋಟೆ.
"ನಾವು ಸ್ಪೇನಿನವರು. ಮೂಗು ನೋಡು."
ನೋಡಿದೆ. ಮೂಗು ಮೂಗಿನ ಹಾಗೇ ಇತ್ತು.
ಮನಿಲಾದ ಮಾಲಿನಲ್ಲಿ ಹದಿನೈದು ನಿಮಿಷಕ್ಕೆ
ಛಾಪಿಸಿ ಕೊಟ್ಟರಂತೆ, ಕಟ್ಟು ಬೇರೆ ದುಡ್ಡು.
ಆ ಸಿಂಹಗಳು ಏನನ್ನು ಕಾಯುತ್ತಿವೆಯೆಂದು ಕೇಳಲಿಲ್ಲ.
ಸ್ಪೇನಿನ ಮಾತಿನಲ್ಲಿ ರಾಬನೊ ಅಂದರೆ ಮೂಲಂಗಿ.

ಸಾವಿರದೆಂಟುನೂರ ನಲವತ್ತೊಂಬತ್ತರಲ್ಲಿ
ಗವರ್ನರನಿಗೆ ಲೆಕ್ಕ ತಪ್ಪುತ್ತಿತ್ತು.
ಊರಿಗೆ ಊರೇ ದೆ ಲಾ ಕ್ರೂಸ್, ಓಣಿಗೆ ಓಣಿಯೇ ಸಾಂತೊಸ್.
ಕಂದಾಯ ಕಟ್ಟಿದ ಶಿಲುಬೆ ಯಾವುದು,
ತಲೆ ತಪ್ಪಿಸಿಕೊಂಡ ಸಂತ ಯಾರು?
ಹೆಸರುಗಳದೇ ಒಂದು ಪುಸ್ತಕ ಬಂತು.
ಹಾಳೆ ಹರಿದು ಊರೂರಿಗೆ ಹಂಚಿದರು,
ಪಂಕ್ತಿಗೆ ಬಾಳೆಲೆ ಸೀಳಿ ಹಾಕಿದ ಹಾಗೆ.
ನಮ್ಮೂರ ಪಾಲಿಗೆ ಬಿದ್ದದ್ದು 'ರ'.

ಚರ್ಚಿನಂಗಳದಲ್ಲಿ ಸರತಿ.
ಅಬಾಕಾ ನಾರು ಸುಲಿಯುತ್ತಿದ್ದವಳೊಬ್ಬಳು
ಕೈ ತೊಳೆದು ಬರುವಷ್ಟರಲ್ಲಿ
ಹೂವಿನ ಹೆಸರೆಲ್ಲ ಮುಗಿದಿತ್ತಂತೆ.
ತರಕಾರಿ ಉಳಿದಿತ್ತು.
ಹಾಗಂತ ಊರು ಹೇಳುತ್ತದೆ. ನಾನು ನಗುತ್ತೇನೆ,
ನಾನೂ ಅವಳ ಬುಟ್ಟಿಯವಳೇ.

ಆ ಒಂದು ಗಡ್ಡೆಯಿಂದ ಎಷ್ಟು ಮಂದಿ!
ಜೆದ್ದಾದ ಆಸ್ಪತ್ರೆಯಲ್ಲಿ ಇಬ್ಬರು,
ಗ್ರೀಕರ ಹಡಗಿನ ಎಂಜಿನ್ ಕೋಣೆಯಲ್ಲಿ ಒಬ್ಬ,
ಪೊಲೀಸರಲ್ಲಿ ಮೂವರು, ಲಾಕಪ್ಪಿನಲ್ಲಿ ಮೂವರು,
ಅವರಲ್ಲಿ ಒಬ್ಬ ಎರಡೂ ಲೆಕ್ಕಕ್ಕೆ ಬರುತ್ತಾನೆ.
ಶಾಲೆಯಲ್ಲಿ ಹಾಜರಿ ಕೂಗಿದರೆ
"ರಾಬನೊ" ಅಂದ ಕೂಡಲೇ ಅರ್ಧ ಬೆಂಚು ಎದ್ದು ನಿಲ್ಲುತ್ತಿತ್ತು.

ಮೂವತ್ತೊಂದನೆಯ ಮನೆ, ಲೋಲಾ ಪೆಲಾಹಿಯಾ.
ಕತ್ತಿಯ ಬೆನ್ನಿನಿಂದ ಪಿಲಿ ಕಾಯಿ ಒಡೆಯುತ್ತಿದ್ದಳು.
ಎಷ್ಟು ಜನ? ಒಬ್ಬಳು.
ಮನೆತನದ ಹೆಸರು?
"ಯಾವುದು ಬೇಕೇ? ಪುಸ್ತಕದ್ದೋ, ಅದಕ್ಕೂ ಹಿಂದಿನದೋ?"

"ಹಿಂದೆ ಹೆಸರು ಮೇಲಿಂದ ಇಳಿಯುತ್ತಿರಲಿಲ್ಲ,
ಕೆಳಗಿಂದ ಹತ್ತುತ್ತಿತ್ತು.
ಮಗು ಹುಟ್ಟಿದ ದಿನ ಅದರ ತಾಯಿಗೂ ನಾಮಕರಣ:
ಇಂಥವಳ ಅವ್ವ, ಇಂಥವನ ಅಪ್ಪ.
ಕಾಯಿ ಬಿಟ್ಟ ಮೇಲಲ್ಲವೆ
ಪಿಲಿ ಮರವೆಂದು ಊರಿಗೆ ತಿಳಿಯುವುದು?
ನಾನು ಇನಾ ನಿ ಸಿಯೊನ್, ಸಿಯೊನಳ ಅವ್ವ."

ಪರದೆಯನ್ನು ಮೇಲೆ ಕೆಳಗೆ ಸರಿಸಿದೆ.
ಸಿಯೊನ್ ಎಲ್ಲೂ ಇಲ್ಲ.
"ಇರೋದಿಲ್ಲ," ಅಂದಳು, ಕಾಯಿಯ ಸಿಪ್ಪೆ ಊದುತ್ತ.
"ಹನ್ನೊಂದು ದಿನ ಇದ್ದಳು. ಆ ದೊಡ್ಡ ಗಾಳಿಯ ವರ್ಷ.
ಹೊಳೆ ಏರಿತ್ತು, ಪಾದ್ರಿ ದಾಟಿ ಬರಲಾಗಲಿಲ್ಲ.
ನೀರು ಹಾಕದ ಮಗುವನ್ನು ಯಾವ ಪುಸ್ತಕ ಬರೆದುಕೊಳ್ಳುತ್ತದೆ?"
ಅಂಗೈಯಲ್ಲಿ ಒಂದು ತಿರುಳು ಇಟ್ಟಳು.

ಖಾನೆ ಖಾಲಿ ಬಿಟ್ಟರೆ ಯಂತ್ರ ಮುಂದೆ ಹೋಗದು.
ರಾಬನೊ ಎಂದು ಒತ್ತಿದೆ.
ಹಸಿರು ಗುರುತು ತಕ್ಷಣ ಬಂತು.

ನಂಬರಿನ ಚೀಟಿ ತೇವಕ್ಕೆ ನಿಲ್ಲಲಿಲ್ಲ.
ಅವಳೇ ನಾಲ್ಕು ಅಗುಳು ಅನ್ನ ತಂದು
ಹೆಬ್ಬೆರಳಲ್ಲಿ ತಿಕ್ಕಿ ಅಂಟಿಸಿದಳು, ಸ್ವಲ್ಪ ಸೊಟ್ಟ.

ಅಂಗಳ ದಾಟಿ ಕೂಗಿದೆ:
"ಬರ್ತೀನಿ, ಇನಾ ನಿ ಸಿಯೊನ್!"
ಕತ್ತಿ ಕೆಳಗಿಡದೆ "ಓ" ಅಂದಳು.

ಸೇತುವೆಯಾಚೆ 'ಸ' ಇನ್ನೂ ನಲವತ್ತು ಮನೆ,
ನಾಯಿಗಳು ಬೇರೆ.